ಸ್ಥಳೀಯರ ನಂಬಿಕೆ

ಇಂದು ಬೆಳಗ್ಗೆ ಆರೂವರೆಗೆ ಬಾವಿಕಟ್ಟೆಯ ಬಳಿ ನಿಂತು ಹಲ್ಲುಜ್ಜತೊಡಗಿದಾಗ ಬಾಯೊಳಗೆ ಏನೋ ಕರಕರ ಎಂದಿತು. ನಿದ್ದೆಯ ಮಂಪರಿನಲ್ಲಿ ಅದನ್ನು ಪೇಸ್ಟಿನ ದೋಷವೆಂದು ಭಾವಿಸಿ ಇನ್ನೂ ಎರಡು ಸುತ್ತು ಜೋರಾಗಿಯೇ ಉಜ್ಜಿದೆ. ಉಗುಳಿದಾಗ ಬಸಳೆ ಚಪ್ಪರದ ಬುಡ ಕೆಂಪಾಯಿತು. ಒಸಡು ಹರಿದು ರಕ್ತ ಬಂತೆಂದು ಗಾಬರಿಯಾಗಿ ಬ್ರಷ್ಷನ್ನು ಬೆಳಕಿಗೆ ಹಿಡಿದು ನೋಡಿದರೆ, ನಿನ್ನೆಯವರೆಗೆ ಬೆಳ್ಳಗಿದ್ದ ಅದರ ಎಳೆಗಳು ಬುಡದವರೆಗೂ ಇಟ್ಟಿಗೆಯ ಬಣ್ಣಕ್ಕೆ ತಿರುಗಿದ್ದವು. ನಡುವೆ ನುಚ್ಚಕ್ಕಿಯಷ್ಟು ದೊಡ್ಡದಾದ ಮುರಕಲ್ಲಿನ, ಎಂದರೆ ನಮ್ಮ ಕಡೆಯ ಕೆಂಪುಕಲ್ಲಿನ ಹರಳೊಂದು, ತಾನು ಇಲ್ಲಿಯೇ ಹುಟ್ಟಿ ಬೆಳೆದದ್ದೆಂಬ ಗತ್ತಿನಲ್ಲಿ ಕುಳಿತಿತ್ತು.

ಪುರಾತತ್ತ್ವ ಓದುತ್ತಿರುವವರಿಗೆ ಇದಕ್ಕಿಂತ ಹೆಚ್ಚು ವಿವರಿಸಬೇಕಾಗಿಲ್ಲ. ಮಡಕೆ ಚೂರು ತೊಳೆಯುವುದಕ್ಕೆ ಹಲ್ಲುಜ್ಜುವ ಬ್ರಷ್ಷಿಗಿಂತ ಯೋಗ್ಯವಾದ ಸಲಕರಣೆಯನ್ನು ಜಗತ್ತು ಇನ್ನೂ ಕಂಡುಹಿಡಿದಿಲ್ಲ. ಪ್ರತಿ ಶಿಬಿರಕ್ಕೆ ಹೊರಡುವ ಮೊದಲು ಸಾಮಾನಿನ ಪಟ್ಟಿಯಲ್ಲಿ ‘ಬ್ರಷ್ಷು, ಎರಡು ಡಜನ್’ ಎಂದು ಬರೆಯಲಾಗುತ್ತದೆ. ಪ್ರತಿ ಶಿಬಿರದ ಮೂರನೆಯ ದಿನ ಆ ಎರಡು ಡಜನ್ನು ಎಲ್ಲಿ ಹೋಯಿತೆಂದು ಯಾರಿಗೂ ತಿಳಿದಿರುವುದಿಲ್ಲ. ಆಮೇಲೆ ಬಚ್ಚಲಿನ ಗೂಡಿನಲ್ಲಿರುವ ಖಾಸಗಿ ಆಸ್ತಿಯ ಮೇಲೆ ಕಣ್ಣು ಬೀಳುತ್ತದೆ. ಇಷ್ಟು ನನಗೂ ಗೊತ್ತಿತ್ತು. ಆದರೆ ಹನ್ನೊಂದು ಮಂದಿಯ ತಂಡದಲ್ಲಿ ನನ್ನ ಬ್ರಷ್ಷೇ ಏಕೆ ಬೇಕಾಯಿತು ಎಂಬುದು ನನ್ನ ಪ್ರಶ್ನೆಯಾಗಿತ್ತು.

ಅದಕ್ಕೂ ಒಂದು ಸಿದ್ಧಾಂತವಿದೆಯಂತೆ. ಹೊಸ ಬ್ರಷ್ಷಿನ ಎಳೆಗಳು ಬಿರುಸಾಗಿದ್ದು ಚೂರಿನ ಮೇಲಿನ ನಯವಾದ ಲೇಪವನ್ನು ಗೀಚಿಬಿಡುತ್ತವೆ. ತೀರ ಹಳೆಯದು ಮಣ್ಣನ್ನು ಎಬ್ಬಿಸುವುದಿಲ್ಲ. ಮನುಷ್ಯನ ಬಾಯಲ್ಲಿ ಸುಮಾರು ಮೂರು ತಿಂಗಳು ಪಳಗಿದ ಬ್ರಷ್ಷು ಮಾತ್ರ ಸರ್ವಶ್ರೇಷ್ಠ. ಈ ಸಿದ್ಧಾಂತದ ಕರ್ತೃ ನನ್ನ ಸಹಪಾಠಿ. ಅವನು ನಿನ್ನೆ ಸಂಜೆ ಗೂಡಿನಲ್ಲಿದ್ದ ಎಲ್ಲರ ಬ್ರಷ್ಷುಗಳನ್ನೂ ಹೆಬ್ಬೆರಳಿನಿಂದ ಸವರಿ ಪರೀಕ್ಷಿಸಿ, ಸರ್ವಾನುಮತದಿಂದ ನನ್ನದನ್ನು ಆಯ್ಕೆ ಮಾಡಿದನಂತೆ. ಸರ್ವಾನುಮತ ಎಂದರೆ ಅಲ್ಲಿ ಅವನೊಬ್ಬನೇ ಇದ್ದ ಎಂದರ್ಥ. ಬ್ರಷ್ಷನ್ನು ಅವನ ಮುಖದ ಮುಂದೆ ಹಿಡಿದು ‘ಇದೇನಿದು ಕೊಳೆ?’ ಎಂದು ಕೇಳಿದಾಗ ಅವನು ನಾಚಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ. ಒಳಗೆ ಹೋಗಿ ಮುನ್ಸೆಲ್ ವರ್ಣಪಟ್ಟಿಯ ಪುಸ್ತಕವನ್ನು ತಂದು, ಮಣ್ಣಿನ ಬಣ್ಣ ನೋಡುವ ಅದರ ತೂತುಗಳ ಕೆಳಗೆ ನನ್ನ ಬ್ರಷ್ಷನ್ನು ಒಂದೊಂದಾಗಿ ಸರಿಸಿ ನೋಡಿ, ‘ಕೊಳೆ ಅಲ್ಲ ಕಣೋ, 2.5 ವೈಆರ್ 4/6’ ಎಂದ.

ಇವನು ಮೊಳಕಾಲ್ಮೂರು ತಾಲೂಕಿನವನು. ಅದನ್ನು ಹೇಳದೆ ಅವನ ಪರಿಚಯ ಪೂರ್ಣವಾಗುವುದಿಲ್ಲ, ಏಕೆಂದರೆ ಅದನ್ನು ಹೇಳದೆ ಅವನು ಯಾರಿಗೂ ಪರಿಚಯ ಮಾಡಿಕೊಳ್ಳುವುದಿಲ್ಲ. ಆ ತಾಲೂಕಿನ ಬ್ರಹ್ಮಗಿರಿಯಲ್ಲಿ ಬ್ರಿಟಿಷ್ ಪುರಾತತ್ತ್ವಜ್ಞ ಮಾರ್ಟಿಮರ್ ವ್ಹೀಲರ್ 1947ರಲ್ಲಿ ಉತ್ಖನನ ನಡೆಸಿ, ನಮ್ಮ ಪರೀಕ್ಷೆಗಳಲ್ಲಿ ಇಂದಿಗೂ ಬಿಡದೆ ಕಾಡುವ ನವಶಿಲಾಯುಗ, ದೊಡ್ಡ ಕಲ್ಲುಗಳ ಸಮಾಧಿ ಕಟ್ಟಿದವರ ಬೃಹತ್ ಶಿಲಾಯುಗ, ಸಾತವಾಹನ ಕಾಲದ ಪದರಗಳ ಕ್ರಮವನ್ನು ನಿಲ್ಲಿಸಿದರಷ್ಟೆ. ಆ ಕಂದಕಗಳಲ್ಲಿ ತನ್ನ ಮುತ್ತಜ್ಜ ಮಣ್ಣಿನ ಬುಟ್ಟಿ ಹೊತ್ತಿದ್ದನೆಂದು ಇವನು ಹೇಳಿಕೊಳ್ಳುತ್ತಾನೆ. ಇರಬಹುದು, ನನ್ನ ತಕರಾರಿಲ್ಲ. ಆದರೆ ಅದೊಂದು ಕಾರಣಕ್ಕೆ ಪುರಾತತ್ತ್ವವು ತನ್ನ ಮನೆಯ ಆಸ್ತಿಯೆಂದೂ, ನಾವೆಲ್ಲ ಅಲ್ಲಿಗೆ ಉಳುಮೆಗೆ ಬಂದವರೆಂದೂ ಅವನು ತಿಳಿದಿರುವುದು ನನಗೆ ಸಮ್ಮತವಲ್ಲ. ಅದರಲ್ಲಿಯೂ ಈ ಸಲದ ಶಿಬಿರ ನಡೆಯುತ್ತಿರುವುದು ಅಕ್ಷರಶಃ ನನ್ನ ಮನೆಯಲ್ಲಿ.

ತಪ್ಪು ನನ್ನದೇ. ಕಾಸರಗೋಡು ಜಿಲ್ಲೆಯಲ್ಲಿ ಮೇಲ್ಮೈ ಅನ್ವೇಷಣೆ, ಎಂದರೆ ಅಗೆಯದೆ ನೆಲದ ಮೇಲೆ ಕಾಣುವುದನ್ನಷ್ಟೇ ಹುಡುಕುವುದು, ಎಂದು ತೀರ್ಮಾನವಾದಾಗ, ಬದಿಯಡ್ಕದ ಕಡೆ ನಮ್ಮದೊಂದು ಹಳೆಯ ಮನೆಯಿದೆ, ಚಾವಡಿ ದೊಡ್ಡದಿದೆ ಎಂದು ತರಗತಿಯಲ್ಲಿ ಬಾಯಿಬಿಟ್ಟವನು ನಾನು. ವಸತಿಯ ಖರ್ಚು ಉಳಿಯಿತೆಂದು ಪ್ರಾಧ್ಯಾಪಕರು ಹಿಗ್ಗಿದರು. ಮೊದಲ ದಿನ ಎಲ್ಲರೂ ಬೇಕಲಕ್ಕೆ ಹೋಗಿ, 17ನೆಯ ಶತಮಾನದಲ್ಲಿ ಕೆಳದಿಯ ಶಿವಪ್ಪನಾಯಕ ಕಟ್ಟಿಸಿದ ಕೋಟೆಯ ಬುರುಜಿನ ಮೇಲೆ ಸಾಲಾಗಿ ನಿಂತು, ಕಪ್ಪು ಬಿಳುಪು ಅಳತೆಪಟ್ಟಿಯನ್ನು ಮುಂದೆ ಹಿಡಿದು ಫೋಟೋ ತೆಗೆಸಿಕೊಂಡೆವು. ಎರಡನೆಯ ದಿನದಿಂದ ನಾನು ವಿದ್ಯಾರ್ಥಿಯಾಗಿ ಉಳಿಯಲಿಲ್ಲ. ನಾನು ‘ಸ್ಥಳೀಯ’ನಾದೆ.

ಸ್ಥಳೀಯನಾಗುವುದೆಂದರೆ ಏನೆಂದು ಸ್ವಂತ ಊರಿಗೆ ಶಿಬಿರ ತಂದವರಿಗೆ ಮಾತ್ರ ಗೊತ್ತು. ಬಸ್ಸಿನ ಬೋರ್ಡು ಮಲಯಾಳದಲ್ಲಿದ್ದರೆ ನಾನು ಓದಬೇಕು. ಇಂಬಳ ಕಚ್ಚಿದರೆ ಅದು ನನ್ನ ಹೊಣೆ. ಹಲಸಿನ ಮೇಣ ಕೈಗೆ ಅಂಟಿದರೆ ಕೊಬ್ಬರಿ ಎಣ್ಣೆ ನಾನು ತರಬೇಕು. ನಮ್ಮದು ಸಪ್ತಭಾಷೆಗಳ ನಾಡೆಂದು ಭಾಷಣಗಳಲ್ಲಿ ಹೇಳಿಕೊಳ್ಳಲು ಚೆನ್ನಾಗಿರುತ್ತದೆ. ಆದರೆ ‘ಇಲ್ಲಿ ಎಲ್ಲಿಯಾದರೂ ಹಳೆಯ ಮಡಕೆ, ಕಲ್ಲುಗುಹೆ ಸಿಕ್ಕಿದೆಯೇ?’ ಎಂಬ ಒಂದೇ ಪ್ರಶ್ನೆಯನ್ನು ಒಂದೇ ಬೆಳಗಿನಲ್ಲಿ ಒಂದು ಮನೆಯಲ್ಲಿ ತುಳುವಿನಲ್ಲಿ, ಮುಂದಿನದರಲ್ಲಿ ಮಲಯಾಳದಲ್ಲಿ, ಅದರಾಚೆ ಬ್ಯಾರಿಯಲ್ಲಿ, ತೋಟ ದಾಟಿದರೆ ಮರಾಠಿಯಲ್ಲಿ ಕೇಳಿ, ನಾಲ್ಕೂ ಕಡೆ ‘ಇಲ್ಲ’ ಎನ್ನಿಸಿಕೊಂಡು ಬಂದವನಿಗೆ ಗೊತ್ತು ಆ ಏಳು ಭಾಷೆಗಳ ಭಾರ. ಒಂದು ಮನೆಯಲ್ಲಿ ‘ಇಲ್ಲ’ ಎನ್ನುವ ಸೌಜನ್ಯವೂ ಸಿಗಲಿಲ್ಲ. ವೇಗದ ರೈಲು ಮಾರ್ಗಕ್ಕೆಂದು ನೆಟ್ಟ ಹಳದಿ ಗುರುತುಕಲ್ಲುಗಳನ್ನು ಕೇರಳದ ಜನ 2022ರಲ್ಲಿ ಊರೂರಿನಲ್ಲಿ ಕಿತ್ತೆಸೆದದ್ದು ಇನ್ನೂ ಯಾರಿಗೂ ಮರೆತಿಲ್ಲ. ಟೇಪು, ಗೂಟ, ಕೆಂಪು ಬಿಳಿ ಬಣ್ಣದ ಕೋಲು ಹಿಡಿದು ಅಂಗಳಕ್ಕೆ ಬಂದ ನಮ್ಮನ್ನು ಆ ಮನೆಯ ಅಮ್ಮ ಯಾವ ಇಲಾಖೆಯವರೆಂದು ಕೇಳುವ ಗೋಜಿಗೂ ಹೋಗದೆ ನಾಯಿಯನ್ನು ಬಿಚ್ಚಿದರು. ನಾನು ಸ್ಥಳೀಯನೆಂಬ ಸಂಗತಿ ನಾಯಿಗೆ ತಿಳಿದಿರಲಿಲ್ಲ.

ಇಷ್ಟೆಲ್ಲದರ ನಡುವೆ, ಕೆಂಪುಕಲ್ಲಿನ ಕೋರೆಯೊಂದರ ಅಂಚಿನಲ್ಲಿ ಯಂತ್ರ ಕೆರೆದು ಹಾಕಿದ ಮಣ್ಣಿನಿಂದ ನಾವು ಎರಡು ಚೀಲ ಚೂರುಗಳನ್ನು ಆಯ್ದು ತಂದೆವು. ಅವುಗಳಲ್ಲಿ ಒಳಮೈ ಕಪ್ಪಾಗಿ ಹೊರಮೈ ಕೆಂಪಾಗಿರುವ, ಕಂಡೊಡನೆ ನಮ್ಮಂಥವರ ಎದೆ ಹಾರುವ ತುಣುಕುಗಳೂ ಇದ್ದವು. ತೊಳೆದ ಚೂರುಗಳನ್ನು ಒಣಗಿಸಬೇಕಲ್ಲ? ನಮ್ಮ ಮನೆಯಲ್ಲಿ ಬಿಸಿಲು ಬೀಳುವ ಸಮತಟ್ಟಾದ ಜಾಗವೆಂದರೆ ಅಂಗಳ ಒಂದೇ, ಅಲ್ಲಿ ಈ ತಿಂಗಳಲ್ಲಿ ಅಡಿಕೆ ಇರುತ್ತದೆ. ಚಾಲಿ ಅಡಿಕೆ ಒಣಗಲು ನಲವತ್ತು ದಿನ ಬೇಕು. ಮಡಕೆ ಚೂರಿಗೆ ಒಂದು ದಿನ ಸಾಕು. ಹೀಗೆ ವಾದಿಸಿ ಅಡಿಕೆಯನ್ನು ಒಂದು ಮೂಲೆಗೆ ಸರಿಸಿದ ನನ್ನ ಮಿತ್ರ, ಆ ಅಡಿಕೆಯ ಯಜಮಾನಿಯಾದ ನನ್ನ ಅಜ್ಜಿಯನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

‘ಒಡದ ಅಳಗೆಯ ಜಾಲಿಲಿ ಮಡುಗಲಾಗ ಮಗಾ’ ಎಂದರು ಅಜ್ಜಿ. ಒಡೆದ ಮಡಕೆ ಅಂಗಳದಲ್ಲಿ ಕಾಣುವುದು ಮನೆಯಲ್ಲಿ ಸಾವಾದಾಗ ಮಾತ್ರ ಎಂಬುದು ಅವರ ಆಕ್ಷೇಪ. ಮಿತ್ರ ಅವರನ್ನು ಸಮಾಧಾನಪಡಿಸಲು, ಇದು ಕಸವಲ್ಲವೆಂದೂ, ಪ್ರಾಧ್ಯಾಪಕರ ಅಂದಾಜಿನಂತೆ ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಸತ್ತವರೊಡನೆ ಗುಹಾಸಮಾಧಿಯಲ್ಲಿ ಇಟ್ಟ ಪಾತ್ರೆಗಳಿರಬಹುದೆಂದೂ ವಿವರವಾಗಿ ತಿಳಿಸಿದ. ಅದಕ್ಕಿಂತ ಅವನು ಮೌನವಾಗಿದ್ದರೆ ಒಳ್ಳೆಯದಿತ್ತು. ಅಜ್ಜಿ ಆ ಕ್ಷಣವೇ ಅಡಿಕೆಯ ರಾಶಿಯನ್ನೆಲ್ಲ ಚೂರುಗಳಿಂದ ಎರಡು ಮಾರು ದೂರಕ್ಕೆ ಎಳೆಸಿದರು. ಆದರೂ ಸಂಜೆ ಯಾರೂ ಇಲ್ಲದಾಗ ಅವರೇ ಒಂದು ಚೂರನ್ನು ಕೈಗೆತ್ತಿಕೊಂಡು, ಅಂಚನ್ನು ಬೆರಳಿನಿಂದ ಸವರಿ, ‘ಇದು ಅಶನದ ಅಳಗೆಯ ಬಾಯಿ’ ಎಂದು ನಿರ್ಣಯ ಕೊಟ್ಟದ್ದನ್ನು ನಾನು ನೋಡಿದೆ. ಅದೇ ಚೂರಿನ ಬಾಯಂಚನ್ನು ವೃತ್ತದ ಹಾಳೆಯ ಮೇಲಿಟ್ಟು ವ್ಯಾಸ ಅಳೆದು, ಅಡ್ಡಸೀಳು ಚಿತ್ರ ಬರೆದು ನಾವು ಅನ್ನದ ಮಡಕೆ ಎಂಬ ನಿರ್ಣಯಕ್ಕೆ ಬರಲು ಮರುದಿನ ಮಧ್ಯಾಹ್ನವಾಯಿತು.

ಆದರೆ ಇಷ್ಟಕ್ಕೆ ನಾನು ಲೇಖನಿ ಹಿಡಿಯುತ್ತಿರಲಿಲ್ಲ. ಸುರಂಗದ ಪ್ರಕರಣ ನಡೆಯದಿದ್ದರೆ ಬ್ರಷ್ಷನ್ನೂ ಕ್ಷಮಿಸಿಬಿಡುತ್ತಿದ್ದೆನೇನೋ.

ಮೊನ್ನೆ ಪ್ರಾಧ್ಯಾಪಕರು ಕಾಗದಪತ್ರದ ಕೆಲಸಕ್ಕೆಂದು ಕಾಸರಗೋಡು ಪೇಟೆಗೆ ಹೋಗಿದ್ದರು. ನಾವು ಐದು ಮಂದಿ ನಮ್ಮ ತೋಟದ ಮೇಲಿನ ಗುಡ್ಡವನ್ನು ಸುತ್ತುತ್ತಿದ್ದೆವು. ಗೇರುಮರದ ಕೆಳಗೆ ಕೇಪಳದ ಪೊದೆಯ ಹಿಂದೆ, ಮುರಕಲ್ಲಿನ ದರೆಯಲ್ಲಿ ಮಣ್ಣು ಜರಿದು ಅರ್ಧ ಮುಚ್ಚಿದ ಒಂದು ಬಾಯಿ ಕಂಡಿತು. ನನ್ನ ಮಿತ್ರ ಅದನ್ನು ಕಂಡವನೇ ಮಂಡಿಯೂರಿದ. ಲಂಬವಾಗಿ ಕಡಿದ ಗೋಡೆ, ಕಮಾನಿನಂತೆ ಬಾಗಿದ ಮಾಡು, ಬಲಗಡೆ ಒಂದು ಚಿಕ್ಕ ಗೂಡು. ಕೇರಳದ ಬೃಹತ್ ಶಿಲಾಯುಗದವರು ಕೆಂಪುಕಲ್ಲಿನಲ್ಲಿ ಕೊರೆದ ಸಮಾಧಿಗುಹೆಗಳ ಬಗ್ಗೆ ನಾವು ಪರೀಕ್ಷೆಗೆ ಬಾಯಿಪಾಠ ಮಾಡಿದ್ದ ಉತ್ತರದ ಮೊದಲ ಮೂರು ಸಾಲು ಅಲ್ಲಿತ್ತು. ಅವನ ದನಿ ನಡುಗಿತು. ‘ಗುಹಾಸಮಾಧಿ’ ಎಂದ.

‘ಇದು ಸುರಂಗ ಮಾರಾಯ’ ಎಂದೆ. ‘ನಮ್ಮದೇ.’

ಅವನು ಟಿಪ್ಪಣಿ ಪುಸ್ತಕ ತೆರೆದು ಬರೆದುಕೊಂಡ. ಅವನ ಹೆಗಲ ಮೇಲಿಂದ ಬಗ್ಗಿ ಓದಿದೆ: ‘ಸ್ಥಳೀಯರು ಇದನ್ನು ಸುರಂಗವೆಂದು ನಂಬುತ್ತಾರೆ.’

ನಂಬುವುದಲ್ಲ, ಗೊತ್ತಿರುವುದು ಎಂದು ನಾನು ತಿದ್ದಿದೆ. ನೀರಿಗಾಗಿ ನಮ್ಮ ಕಡೆಯ ಜನ ಗುಡ್ಡದ ಓರೆಗೆ ಅಡ್ಡಲಾಗಿ ತೋಡುವ ಬಿಲವಿದು. ಮುರಕಲ್ಲು ಸಣ್ಣ ಸಣ್ಣ ತೂತುಗಳ ಕಲ್ಲಾದ್ದರಿಂದ ಮಳೆಗಾಲದಲ್ಲಿ ಗುಡ್ಡ ಕುಡಿದ ನೀರು ಬೇಸಗೆಯಲ್ಲಿ ಗೋಡೆಯಿಂದ ಜಿನುಗಿ, ಹಗ್ಗ ಬೇಡದೆ ಪಂಪು ಬೇಡದೆ ತಾನಾಗಿಯೇ ಹೊರಗೆ ಹರಿದು ಬರುತ್ತದೆ. ಅಡಿಕೆ ಮರದ ದಂಬೆ ಇಟ್ಟರೆ ಅಂಗಳದ ತೊಟ್ಟಿಗೇ ಬೀಳುತ್ತದೆ. ಕಡಿಯುವಾಗ ಮೆತ್ತಗಿರುವ ಈ ಕಲ್ಲು ಗಾಳಿ ತಾಗಿದ ಮೇಲೆ ಗಟ್ಟಿಯಾಗುವುದರಿಂದ ಒಳಗೆ ಕಟ್ಟೋಣ ಬೇಕಾಗುವುದಿಲ್ಲ. ಉದ್ದವನ್ನು ನಾವು ಕೋಲಿನಲ್ಲಿ ಹೇಳುತ್ತೇವೆ, ಒಂದು ಕೋಲೆಂದರೆ ಎರಡೂವರೆ ಅಡಿ. ಇಷ್ಟನ್ನೂ ಒಂದೇ ಉಸಿರಿನಲ್ಲಿ ಹೇಳಿ, ಕೊನೆಯ ಅಸ್ತ್ರವಾಗಿ ‘ಚಿಕ್ಕಂದಿನಲ್ಲಿ ನಾನು ಇದರ ನೀರು ಕುಡಿದಿದ್ದೇನೆ’ ಎಂದೆ.

ಅವನು ತಾಳ್ಮೆಯಿಂದ ಕೇಳಿದ. ಮಾಹಿತಿದಾರರನ್ನು ನಡುವೆ ತಡೆಯಬಾರದೆಂದು ನಮಗೆ ಪಾಠ ಮಾಡಿದ್ದಾರಲ್ಲ. ‘ನೀನು ಕುಡಿದದ್ದು ಆಮೇಲಿನ ಹಂತದ ಬಳಕೆ ಕಣೋ. ಮೂಲ ಉದ್ದೇಶ ಬೇರೆ ಇತ್ತು’ ಎಂದು ಕರುಣೆಯಿಂದ ತಿಳಿಸಿ, ಮತ್ತೊಂದು ಸಾಲು ಬರೆದ: ‘ಸ್ಥಳೀಯ ಮಾಹಿತಿದಾರ, ಪುರುಷ, 23 ವರ್ಷ. ಜಲಸಂಬಂಧಿ ಆಚರಣೆಯ ನೆನಪು ಉಳಿದಿರುವ ಸಾಧ್ಯತೆ.’

ನಾಲ್ಕು ವರ್ಷಗಳಿಂದ ಪಕ್ಕದ ಬೆಂಚಿನಲ್ಲಿ ಕುಳಿತು, ನನ್ನ ಟಿಪ್ಪಣಿಗಳನ್ನು ನಕಲು ಮಾಡಿ ಪಾಸಾದವನ ಪುಸ್ತಕದಲ್ಲಿ ನಾನು ‘ಪುರುಷ, 23 ವರ್ಷ’ ಆಗಿದ್ದೆ.

ಅಳತೆ ಶುರುವಾಯಿತು. ಟೇಪಿನ ತುದಿ ಹಿಡಿದು ಒಳಗೆ ಹೋಗುವವರು ಯಾರು ಎಂಬ ಪ್ರಶ್ನೆ ಬಂದಾಗ, ಹಾವು, ಬಾವಲಿಗಳ ಅಭ್ಯಾಸವಿರುವುದು ಸ್ಥಳೀಯರಿಗೆ ಎಂಬ ನಿರ್ಣಯವಾಯಿತು. ನಾನು ತೆವಳಿಕೊಂಡು ಒಳಗೆ ಹೋದೆ. ಐದು ಮೀಟರ್ ಎಂದು ಕೂಗಿದೆ, ಹೊರಗೆ ಬರೆದುಕೊಂಡರು. ಹತ್ತು ಎಂದೆ, ಹೊರಗೆ ಸಂಭ್ರಮದ ಸದ್ದು. ಹದಿನಾಲ್ಕು ಎಂದೆ, ಅಲ್ಲಿಂದ ಸುರಂಗ ಎಡಕ್ಕೆ ಬಾಗಿ ಮುಂದುವರಿಯುತ್ತಿತ್ತು. ಇಷ್ಟುದ್ದದ ಸಮಾಧಿ ಯಾರಿಗೆಂದು ನಮ್ಮ ತಂಡದ ಹುಡುಗಿಯೊಬ್ಬಳು ಕೇಳಿದಳು. ‘ಅಪೂರ್ವ’ ಎಂಬ ಉತ್ತರ ಬಂತು. ಅವಳು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು, ಗೇರುಹಣ್ಣು ಆರಿಸಿ ತಿನ್ನತೊಡಗಿದಳು. ಆ ದಿನ ಆ ಗುಡ್ಡದಲ್ಲಿ ನಡೆದ ಏಕೈಕ ವಿವೇಕದ ಕೆಲಸ ಅದು. ಬಲಗಡೆಯ ಗೂಡಿನಲ್ಲಿ ಮಸಿ ಕಂಡದ್ದರಿಂದ ಅದು ‘ವಿಧಿಸಂಬಂಧಿ ಗೂಡು’ ಆಯಿತು, ಮಸಿಯನ್ನು ಕೆರೆದು, ಕಾಲ ತಿಳಿಯುವ ಇಂಗಾಲ-14ರ ಪರೀಕ್ಷೆಗೆಂದು ಬೆಳ್ಳಿಬಣ್ಣದ ಹಾಳೆಯಲ್ಲಿ ಸುತ್ತಿಡಲಾಯಿತು. ಗೋಡೆಯ ಮೇಲಿನ ಪಿಕ್ಕಾಸಿನ ಏಟುಗಳು ಒಂದು ಕಡೆ ಬಲಕ್ಕೂ ಇನ್ನೊಂದು ಕಡೆ ಎಡಕ್ಕೂ ಓರೆಯಾಗಿದ್ದುದರಿಂದ, ‘ಉಪಕರಣದ ಗುರುತು ಎರಡು ಬಗೆ, ಬಹುಶಃ ಎರಡು ಕಾಲಘಟ್ಟ’ ಎಂದು ದಾಖಲಾಯಿತು. ಒಂದಕ್ಕೆ ಇಪ್ಪತ್ತರ ಪ್ರಮಾಣದಲ್ಲಿ ನಕ್ಷೆ ಸಿದ್ಧವಾಯಿತು. ಕಾಲದ ಅಂಕಣದಲ್ಲಿ ‘ಕ್ರಿ.ಪೂ. ಮೊದಲ ಸಹಸ್ರಮಾನ’ ಎಂದು ಬರೆದು, ವಿನಯ ಇರಲೆಂದು ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಲಾಯಿತು.

ನ್ಯಾಯವಾಗಿ ಹೇಳುವುದಾದರೆ ಇಂಥ ಎಡವಟ್ಟಿಗೆ ನಮ್ಮ ಶಾಸ್ತ್ರದಲ್ಲಿ ಹಿರಿಯರ ಮೇಲ್ಪಂಕ್ತಿ ಇದೆ. ಮಲಬಾರಿನ ಬೃಹತ್ ಶಿಲಾಸಮಾಧಿಗಳ ಬಗ್ಗೆ ಬ್ಯಾಬಿಂಗ್ಟನ್ ಎಂಬ ಕಂಪನಿ ಅಧಿಕಾರಿ 1823ರಲ್ಲಿ ಪ್ರಕಟಿಸಿದ ಮೊದಲ ಲೇಖನದ ಶೀರ್ಷಿಕೆಯಲ್ಲಿ, ಊರವರು ಹೇಳುವ ‘ಕುಳಿ’ ಇಂಗ್ಲಿಷ್ ಕಾಗುಣಿತದಲ್ಲಿ ‘ಕೂಲೀಸ್’ ಆಗಿ, ಪಾಂಡವರ ಕುಳಿಗಳು ಕೇಳುವವರಿಗೆ ಪಾಂಡವರ ಕೂಲಿಯಾಳುಗಳಂತೆ ತೋರುತ್ತವೆ. ಸ್ಥಳೀಯರು ಏನೋ ಹೇಳುವುದು, ಬರೆಯುವವರು ಇನ್ನೇನೋ ಬರೆಯುವುದು ಹೊಸದಲ್ಲ. ಆದರೆ ಆ ಅಧಿಕಾರಿಗೆ ಕನಿಷ್ಠ ಪಕ್ಷ ಭಾಷೆ ಬೇರೆಯಾಗಿತ್ತು. ನಾನು ಕನ್ನಡದಲ್ಲಿಯೇ ಹೇಳಿದ್ದೆ.

ನಾಲ್ಕು ಗಂಟೆಯ ಹೊತ್ತಿಗೆ ತಲೆಯ ಮೇಲೆ ಮುಟ್ಟಾಳೆ ಇಟ್ಟುಕೊಂಡ ಒಬ್ಬ ಅಜ್ಜ ಗುಡ್ಡ ಹತ್ತಿ ಬಂದರು. ಮೊದಲೆಲ್ಲ ನಮ್ಮ ತೋಟಕ್ಕೆ ಕೆಲಸಕ್ಕೆ ಬರುತ್ತಿದ್ದವರು, ಈಗ ಸುಮ್ಮನೆ ಮಾತಾಡಿ ಹೋಗಲು ಬರುತ್ತಾರೆ. ಸುರಂಗದ ಬಾಯಿಗೆ ಕಟ್ಟಿದ ದಾರ, ತೂಗುಗುಂಡು, ಉತ್ತರ ದಿಕ್ಕಿನ ಬಾಣ, ಇವೆಲ್ಲವನ್ನೂ ನೋಡಿ, ತುಳುವಿನಲ್ಲಿ ನನ್ನನ್ನು ಕೇಳಿದರು: ‘ನೀರು ಪೂರ್ತಿ ನಿಂತೇಹೋಯಿತಾ?’ ಆಮೇಲೆ ಗೋಡೆಗೆ ಕೈಯಿಟ್ಟು ತಮ್ಮಷ್ಟಕ್ಕೇ ಎಂಬಂತೆ ಹೇಳಿದರು: ‘ಉಂದು ಎಂಕ್ಲೆನ ಬೇಲೆ.’

ಮಿತ್ರನ ಪೆನ್ನು ಸಿದ್ಧವಾಯಿತು. ಏನಂದರು ಎಂದು ನನ್ನನ್ನು ಕೇಳಿದ. ‘ಇದು ನಮ್ಮ ಕೆಲಸ ಎಂದರು’ ಎಂದೆ. ‘ನಮ್ಮ ಎಂದರೆ? ಅವರ ಪೂರ್ವಿಕರದೇ?’ ಎಂದ. ನಾನು ಅನುವಾದಿಸಿದೆ. ಅಜ್ಜ ಬಾಯಲ್ಲಿದ್ದ ಎಲೆಯಡಿಕೆಯ ಸಮೇತ ನಕ್ಕು, ಎದೆಯನ್ನು ಮುಟ್ಟಿ ತೋರಿಸಿಕೊಂಡರು. ಯಾವಾಗ ಎಂಬ ಪ್ರಶ್ನೆಗೆ, ನನ್ನ ಕಡೆ ಗಲ್ಲ ಚಾಚಿ, ‘ಇವರ ಅಪ್ಪನ ಮದುವೆಯ ವರ್ಷ. ಮದುವೆಗೆ ನೀರು ಸಾಲದೆಂದು ಇವರ ಅಜ್ಜ ತೋಡಿಸಿದ್ದು’ ಎಂದರು.

ಸಾಪೇಕ್ಷ ಕಾಲನಿರ್ಣಯಕ್ಕೆ, ಎಂದರೆ ಒಂದಕ್ಕೆ ಹೋಲಿಸಿ ಇನ್ನೊಂದರ ಕಾಲ ಹೇಳುವುದಕ್ಕೆ, ಇದಕ್ಕಿಂತ ಒಳ್ಳೆಯ ಉದಾಹರಣೆ ನಮ್ಮ ಪಠ್ಯದಲ್ಲಿಯೂ ಇಲ್ಲ. ನಿರಪೇಕ್ಷ ಕಾಲ, ಎಂದರೆ ಇಸವಿಯೇ ಬೇಕಾದರೆ ಶಾಸನವೇ ಇದೆಯೆಂದು ನಾನು ಎಲ್ಲರನ್ನೂ ಮನೆಗೆ ಕರೆತಂದು, ಅಟ್ಟದಿಂದ ಒಂದು ತಾಮ್ರದ ಕೊಡಪಾನವನ್ನು ಇಳಿಸಿದೆ. ಅದರ ಕಂಠದ ಸುತ್ತ ಅಪ್ಪ ಅಮ್ಮನ ಹೆಸರು, ಉಡುಗೊರೆ ಕೊಟ್ಟವರ ಹೆಸರು, 1996 ಎಂಬ ಇಸವಿ ಚುಕ್ಕೆಚುಕ್ಕೆಯಾಗಿ ಕೊರೆಯಲ್ಪಟ್ಟಿದ್ದವು. ಲೆಕ್ಕದಲ್ಲಿ ಸುಮಾರು ಎರಡೂವರೆ ಸಾವಿರ ವರ್ಷಗಳ ವ್ಯತ್ಯಾಸವಾಗಿತ್ತು. ಇಂಗಾಲದ ಲೆಕ್ಕದಲ್ಲಿ ‘ವರ್ತಮಾನ’ ಎಂದರೆ 1950 ಎಂದು ಒಪ್ಪಿಕೊಂಡಿರುವುದರಿಂದ, ನಮ್ಮ ಸುರಂಗ ವರ್ತಮಾನಕ್ಕಿಂತ ನಲವತ್ತಾರು ವರ್ಷ ಈಚಿನದೆಂದೂ, ಅದರ ಮಸಿಯನ್ನು ಪ್ರಯೋಗಾಲಯಕ್ಕೆ ಕಳುಹಿಸಿದರೆ ಭವಿಷ್ಯದಿಂದ ಬಂದ ಮಾದರಿಯೆಂದು ಅವರು ಹೆದರಿಯಾರೆಂದೂ ಗೇರುಹಣ್ಣಿನ ಹುಡುಗಿ ಹೇಳಿದಳು. ಆ ಮಸಿ, ಕತ್ತಲಲ್ಲಿ ಕೆಲಸ ಮಾಡುವಾಗ ಇಡುತ್ತಿದ್ದ ಚಿಮಿಣಿ ದೀಪದ್ದು. ಉಸಿರಾಟಕ್ಕೆ ಗಾಳಿ ಸಾಕೋ ಇಲ್ಲವೋ ಎಂಬುದೂ ಆ ದೀಪದ ಕುಡಿಯಿಂದಲೇ ತಿಳಿಯುತ್ತಿತ್ತಂತೆ.

ನಾನು ಗೆದ್ದಿದ್ದೆ. ಗೆಲುವನ್ನು ಇನ್ನಷ್ಟು ಅನುಭವಿಸುವ ಇಚ್ಛೆ ನನಗಿತ್ತು. ಆದರೆ ಅಷ್ಟರಲ್ಲಿ ಮಿತ್ರ ಆ ಎರಡು ಬಗೆಯ ಏಟುಗಳ ಬಗ್ಗೆ ಅಜ್ಜನನ್ನು ಕೇಳಬೇಕೆಂದು ಹಟ ಹಿಡಿದ. ಮತ್ತೆ ಗುಡ್ಡ ಹತ್ತಿದೆವು. ಅಜ್ಜ ನನ್ನ ಮೊಬೈಲಿನ ಬೆಳಕಿನಲ್ಲಿ ಸ್ವಲ್ಪ ದೂರ ಒಳಗೆ ಹೋಗಿ, ಗೋಡೆಯನ್ನು ಅಂಗೈಯಿಂದ ತಡವುತ್ತ ನಿಂತರು. ಈ ಕಡೆಯದು ನಾನು ಕಡಿದದ್ದು ಎಂದರು. ಆ ಕಡೆಯದು ತಮ್ಮನದು, ಅವನು ಎಡಗೈಯವನು. ಒಬ್ಬ ಕಡಿದು ದಣಿದಾಗ ಇನ್ನೊಬ್ಬ. ಕಡಿಯದವನು ಹೆಡಗೆಯಲ್ಲಿ ಮಣ್ಣು ಹೊರುವುದು. ತಮ್ಮ ತೀರಿಕೊಂಡು ಹತ್ತು ವರ್ಷಗಳಾದವಂತೆ. ಓರೆಯಾದ ಆ ಗೀರುಗಳ ಮೇಲೆ ಅವರು ಕೈ ಇಟ್ಟುಕೊಂಡೇ ಇದ್ದರು. ಬಾವಲಿಯೊಂದು ಹಾರಿ ಹೋಯಿತು. ಊರಿನಲ್ಲೆಲ್ಲ ಕೊಳವೆಬಾವಿ ಬಂದ ಮೇಲೆ ಸುರಂಗ ತೋಡಿಸುವವರಿಲ್ಲ, ತೋಡುವವರೂ ಇಲ್ಲ. ನಮ್ಮ ಮನೆಯವರೂ ಅದನ್ನೇ ಮಾಡಿದ್ದು, ಹಾಗಾಗಿ ನಾನು ಏನೂ ಹೇಳುವ ಹಾಗಿರಲಿಲ್ಲ.

ಮಿತ್ರ ಪುಸ್ತಕ ಮುಚ್ಚಿದ. ಇಳಿದು ಬರುವಾಗ, ವ್ಹೀಲರ್ ಬರೆದ ಬ್ರಹ್ಮಗಿರಿಯ ವರದಿಯನ್ನು ಗ್ರಂಥಾಲಯದಲ್ಲಿ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಹುಡುಕಿದರೂ ಮುತ್ತಜ್ಜನ ಹೆಸರು ತನಗೆ ಸಿಗಲಿಲ್ಲವೆಂದು, ಯಾರೂ ಕೇಳದೆಯೇ ಹೇಳಿದ. ಆ ರಾತ್ರಿ ಅವನು ನಕ್ಷೆಯನ್ನು ಹರಿಯದೆ, ಶೀರ್ಷಿಕೆಯನ್ನು ಮಾತ್ರ ಹೊಡೆದು ಹಾಕಿ ‘ಸುರಂಗ, 1996’ ಎಂದು ಬರೆದು, ಕೆಳಗೆ ಅಣ್ಣತಮ್ಮಂದಿರಿಬ್ಬರ ಹೆಸರನ್ನೂ ಸೇರಿಸಿದ. ನಾನು ಅವನನ್ನು ಬಹುತೇಕ ಕ್ಷಮಿಸಿ, ನೆಮ್ಮದಿಯಾಗಿ ಎರಡು ರಾತ್ರಿ ಮಲಗಿದೆ.

ಆಮೇಲೆ ಬಂದದ್ದು ಇಂದಿನ ಬೆಳಗು.

ನನ್ನ ಗಲಾಟೆ ಕೇಳಿ ಅಜ್ಜಿ ಹೊರಗೆ ಬಂದರು. ಆಗಿದ್ದನ್ನು ಹೇಳಿದೆ. ಯಾವ ಚೂರು ಉಜ್ಜಿದ ಬ್ರಷ್ಷು ಎಂದು ವಿಚಾರಿಸಿದರು. ಅವರಿಗೆ ನನ್ನ ಒಸಡಿನ ಚಿಂತೆ ಇರಲಿಲ್ಲ. ‘ಅಪ್ಪೋ? ಹಾಂಗಾರೆ ಮದಾಲು ಮಿಂದಿಕ್ಕಿ ಬಾ’ ಎಂದರು. ಎರಡು ಸಾವಿರ ವರ್ಷಗಳ ಹಿಂದಿನ ಸಾವಿಗೆ ಜನವರಿಯ ಚಳಿಯಲ್ಲಿ ನಾನು ತಣ್ಣೀರು ಮಿಂದೆ; ಮೀಯದೆ ಕಾಫಿ ಸಿಗುವ ಸೂಚನೆ ಇರಲಿಲ್ಲ. ಮೀಯುತ್ತಿರುವಾಗ ಇನ್ನೊಂದು ಯೋಚನೆ ಬಂತು: ನಿನ್ನೆ ನನ್ನ ಬ್ರಷ್ಷಿನಲ್ಲಿ ಉಳಿದಿದ್ದ ಪೇಸ್ಟು ಆ ಚೂರಿಗೂ ತಗಲಿರಬೇಕಲ್ಲ? ಮಡಕೆಯ ಮೈಯಲ್ಲಿ ಉಳಿದ ಆಹಾರದ ಅಂಶವನ್ನು ಪರೀಕ್ಷಿಸುವವರು ಮುಂದೊಂದು ದಿನ ಅದರಲ್ಲಿ ಲವಂಗ, ಪುದೀನ ಕಂಡು, ಬೃಹತ್ ಶಿಲಾಯುಗದ ಸಂಬಾರ ವ್ಯಾಪಾರದ ಬಗ್ಗೆ ಪ್ರಬಂಧ ಬರೆದರೆ ಅದರಲ್ಲಿ ನನ್ನ ಪಾಲೂ ಇರುತ್ತದೆ. ಹೆಸರಂತೂ ಇರುವುದಿಲ್ಲ.

ಪೇಟೆಯ ಅಂಗಡಿ ತೆರೆಯುವುದು ಒಂಬತ್ತಕ್ಕೆ. ಅಲ್ಲಿಯವರೆಗೆ ಇರಲೆಂದು ಅಜ್ಜಿ ಅಂಗಳದ ಮೂಲೆಯ ಮರದಿಂದ ಹಣ್ಣಾದ ಮಾವಿನೆಲೆಯೊಂದನ್ನು ಕಿತ್ತು, ನಡುವಿನ ದಿಂಡು ತೆಗೆದು, ಮಡಚಿ ಕೈಗಿತ್ತರು. ಅವರ ಕಾಲದಲ್ಲಿ ಎಲ್ಲರೂ ಉಜ್ಜುತ್ತಿದ್ದುದು ಅದರಲ್ಲಿಯೇ. ನನ್ನ ಆಯುಷ್ಯದಲ್ಲಿ ನಾನು ಉಜ್ಜಿದ್ದು ಇದೇ ಮೊದಲು. ಬೈರಾಸು ಸುತ್ತಿಕೊಂಡು, ಒದ್ದೆ ತಲೆಯಲ್ಲಿ, ಬಾವಿಕಟ್ಟೆಯ ಬಳಿ ಎಲೆಯಿಂದ ಹಲ್ಲುಜ್ಜುತ್ತ ನಿಂತಿದ್ದಾಗ ಚಾವಡಿಯ ಬಾಗಿಲು ಕಿರ್ರೆಂದಿತು. ಮಿತ್ರ ಹೊರಗೆ ಬಂದು, ನನ್ನನ್ನು ನೋಡಿ, ಇದ್ದಲ್ಲಿಯೇ ನಿಂತ. ಅವನ ಕಣ್ಣುಗಳು ಅರಳಿದವು.

‘ಒಂದು ನಿಮಿಷ, ಅಲುಗಾಡಬೇಡ ಕಣೋ’ ಎಂದವನೇ ಒಳಗೋಡಿ, ಕ್ಯಾಮೆರಾ ಮತ್ತು ಅಳತೆಪಟ್ಟಿ ತಂದು, ಪಟ್ಟಿಯನ್ನು ನನ್ನ ಗಲ್ಲದ ಪಕ್ಕದಲ್ಲಿ ಲಂಬವಾಗಿ ಹಿಡಿಯುವಂತೆ ಅಜ್ಜಿಯನ್ನು ಕೇಳಿಕೊಂಡ. ಅಜ್ಜಿ ಹಿಡಿದರು. ಫೋಟೋ ತೆಗೆದಾದ ಮೇಲೆ ಕಟ್ಟೆಯ ಮೇಲೆ ಕುಳಿತು ಪುಸ್ತಕ ತೆರೆದ. ಬಾಯಿ ತುಂಬ ಮಾವಿನೆಲೆಯ ಒಗರು ಇದ್ದುದರಿಂದ ನನಗೆ ಏನೂ ಹೇಳಲಾಗಲಿಲ್ಲ. ಮೇಲಿನಿಂದ ಬಗ್ಗಿ ನೋಡಿದೆ. ದಿನಾಂಕ ಬರೆದಿದ್ದ, ಸ್ಥಳ ಬರೆದಿದ್ದ, ಕೆಳಗಿನ ಸಾಲನ್ನು ‘ಸ್ಥಳೀಯರು ಇಂದಿಗೂ’ ಎಂದು ಆರಂಭಿಸಿದ್ದ.